ಹೊಳೆಯಾಚೆಯ ಅರವತ್ತೆರಡು ಮರಗಳು

ಪರದೇಶಕ್ಕೆ ಹೋಗಿ ಬಂದವರು ಹಡಗಿನ ಮಾತಿನಿಂದ ಶುರುಮಾಡುವುದು ವಾಡಿಕೆ. ನನ್ನ ಪರದೇಶಕ್ಕೆ ಹಡಗು ಬೇಕಾಗಲಿಲ್ಲ. ಹೊಸಪೇಟೆಯಲ್ಲಿ ರೈಲು ಹತ್ತಿ ಬಾಯಿಗೆ ಹಾಕಿಕೊಂಡ ಎಲೆ ಅಡಿಕೆ ಮುಗಿಯುವಷ್ಟರಲ್ಲಿ ತುಂಗಭದ್ರೆಯ ಸೇತುವೆ ದಾಟಿ ಪರದೇಶದಲ್ಲಿ ಇಳಿದಿದ್ದೆ. ಆಚೆಯದು ಹೈದರಾಬಾದಿನ ನಿಜಾಮರ ರಾಜ್ಯ. ನಾಣ್ಯ ಬೇರೆ, ಅಂಚೆ ಬೇರೆ, ಕಚೇರಿಯ ಭಾಷೆ ಬೇರೆ, ಕಾಗದಪತ್ರದ ಮೇಲಿನ ತಿಂಗಳ ಹೆಸರೂ ಬೇರೆ. ಜನ ಮಾತ್ರ ಕನ್ನಡದವರು. ಅವರ ಕನ್ನಡ ನನಗೆ ಅರ್ಥವಾಗುತ್ತಿತ್ತು. ನನ್ನ ಮೈಸೂರು ಕನ್ನಡ ಕೇಳಿ ಅವರು ಪಾಪದವನು ಎಂಬಂತೆ ನಗುತ್ತಿದ್ದರು.

ನನ್ನ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಒಣಗಿದ ಗಿಡಗಳನ್ನು ದಪ್ಪ ಕಾಗದಕ್ಕೆ ಅಂಟಿಸುವ ಸಹಾಯಕ ನಾನು. ಎಂಟು ವರ್ಷದಿಂದ ಅಂಟಿಸುತ್ತಿದ್ದೆ, ಎಂಟು ವರ್ಷದಿಂದ ಹಂಗಾಮಿಯಾಗಿದ್ದೆ. ನಮ್ಮ ಪ್ರೊಫೆಸರಿಗೆ ಒಂದು ವಿಚಾರ ಹೊಕ್ಕಿತ್ತು. ಮಳೆ ಬೀಳುವ ಕಾಡಿನಲ್ಲಿ ಬಗೆಬಗೆಯ ಗಿಡ ಇರುವುದರಲ್ಲಿ ಆಶ್ಚರ್ಯವಿಲ್ಲ, ಮಳೆಯೇ ಇಲ್ಲದ ಕಲ್ಲುಗುಡ್ಡದಲ್ಲಿ ಅಷ್ಟೊಂದು ಬಗೆ ಹೇಗೆ ಬದುಕುತ್ತವೆ ಎಂದು ನೋಡಬೇಕು ಎನ್ನುತ್ತಿದ್ದರು. ಅದಕ್ಕಾಗಿ ಕೊಪ್ಪಳದ ಹತ್ತಿರದ ಒಂದು ಗುಡ್ಡದ ಮೇಲೆ ಹಗ್ಗ ಎಳೆದು ಒಂದು ಚೌಕ ಗೊತ್ತುಮಾಡಬೇಕು. ಅದರೊಳಗಿನ ಮರಗಳನ್ನು ಎಲೆ ಉದುರಿದ ಬೇಸಿಗೆಯಲ್ಲಿ ಒಮ್ಮೆ, ಮಳೆ ಬಿದ್ದು ಚಿಗುರಿದ ಮೇಲೆ ಮತ್ತೊಮ್ಮೆ ಎಣಿಸಬೇಕು. ಎರಡು ಸಲವೂ ಅವೇ ಮರಗಳಾಗಿರಬೇಕು. ಎರಡೂ ಎಣಿಕೆ ಸರಿಯಾಗಿ ತಂದುಕೊಟ್ಟರೆ ನನ್ನ ಕೆಲಸ ಖಾಯಂ ಎಂದು ಪ್ರೊಫೆಸರು ಬಾಯಿಬಿಟ್ಟು ಹೇಳಿದ್ದರು.

ಸೇತುವೆ ದಾಟಿದ ಮೇಲೆ ನಮ್ಮ ಅಂಚೆ ಸಿಗದು ಎಂದು ಹೊಸಪೇಟೆಯಲ್ಲಿ ಎರಡು ಕಾರ್ಡು ಕೊಂಡಿದ್ದೆ. ಕೊಂಡ ಮೇಲೆ ಯಾರಿಗೆ ಬರೆಯುವುದು ಎಂದು ಯೋಚಿಸಿದೆ. ಅಮ್ಮ ತೀರಿಕೊಂಡು ಆಗಲೇ ಒಂದು ವರ್ಷವಾಗಿತ್ತು. ಬೇರೆ ಹೆಸರು ಹೊಳೆಯಲಿಲ್ಲ. ಕಾರ್ಡುಗಳನ್ನು ಟಿಪ್ಪಣಿ ಪುಸ್ತಕದೊಳಗೆ ಇಟ್ಟುಕೊಂಡೆ.

ಹುಲಿಗಿ

ಇಳಿದ ದಿನ ಮಂಗಳವಾರ. ಹುಲಿಗೆಮ್ಮನ ದರ್ಶನಕ್ಕೆ ಬಂದವರು ಸ್ಟೇಷನ್ನಿನಿಂದ ಹೊಳೆಯ ತನಕ ತುಂಬಿದ್ದರು. ತಲೆಯ ಮೇಲೆ ಬುತ್ತಿ, ಕಂಕುಳಲ್ಲಿ ಕೋಳಿ, ಹಣೆ ತುಂಬ ಭಂಡಾರ. ಆ ಗುಂಪಿನಲ್ಲಿ ಟೋಪಿ ಹಾಕಿಕೊಂಡು, ಗಿಡ ಒತ್ತುವ ಹಲಗೆಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತವನು ನಾನೊಬ್ಬನೇ. ಸುಂಕದ ಕಟ್ಟೆಯವನು ಕೋಳಿಗಳನ್ನೆಲ್ಲ ಬಿಟ್ಟು ನನ್ನನ್ನು ಹಿಡಿದ.

ಹಲಗೆಗಳ ಬಗ್ಗೆ ಅವನಿಗೆ ಅನುಮಾನ ಬರಲಿಲ್ಲ. ಚೀಲದ ತಳದಲ್ಲಿದ್ದ ತಗಡಿನ ಬಿಲ್ಲೆಗಳು ಸಿಕ್ಕವು. ಮರಗಳಿಗೆ ಕಟ್ಟಲೆಂದು ಪ್ರೊಫೆಸರು ಮಾಡಿಸಿಕೊಟ್ಟಿದ್ದ ದುಂಡನೆಯ ಬಿಲ್ಲೆಗಳು, ಒಂದೊಂದಕ್ಕೂ ಒಂದು ಅಂಕೆ, ಒಂದು ತೂತು. ಅವನು ಒಂದನ್ನು ಎತ್ತಿ ಕಲ್ಲಿನ ಮೇಲೆ ಕುಟ್ಟಿ ಸದ್ದು ಕೇಳಿದ.

"ಇದು ಯಾವ ಸರಕಾರದ ರೊಕ್ಕರಿ?"

"ರೊಕ್ಕ ಅಲ್ಲಪ್ಪ, ಮರಕ್ಕೆ ಕಟ್ಟೋ ನಂಬರು."

"ನಿಮ್ಮ ಕಡಿ ಮರಕ್ಕ ರೊಕ್ಕ ಕಟ್ತಾರೇನು?" ಎಂದು ಪಕ್ಕದವನ ಮುಖ ನೋಡಿದ. ಪಕ್ಕದವನು, ಇರಬಹುದು, ಮೈಸೂರು ಸೀಮೆ ಶ್ರೀಮಂತರದು ಎಂದ. ಬಿಲ್ಲೆಗಳು ದೊಡ್ಡ ಸಾಹೇಬರ ಪರೀಕ್ಷೆಗೆ ಹೋಗಬೇಕೆಂದು ತೀರ್ಮಾನವಾಯಿತು. ನನಗೆ ಉರ್ದುವಿನಲ್ಲಿ ಬರೆದ ಒಂದು ರಸೀದಿ ಸಿಕ್ಕಿತು. ಗುಡ್ಡದಲ್ಲಿ ಓಡಾಡಲು ಕೊಟ್ಟಿದ್ದ ಪರವಾನಗಿಯೂ ಉರ್ದುವಿನಲ್ಲೇ ಇತ್ತು. ಯಾವುದು ರಸೀದಿ, ಯಾವುದು ಪರವಾನಗಿ ಎಂದು ಆಮೇಲೆ ನನಗೆ ಕಾಗದದ ಬಣ್ಣದಿಂದಷ್ಟೇ ತಿಳಿಯುತ್ತಿತ್ತು.

ನೆರಳಿನಲ್ಲಿ ಕುಳಿತಿದ್ದ ಒಬ್ಬ ಮುದುಕಿ ಇದನ್ನೆಲ್ಲ ನೋಡುತ್ತಿದ್ದಳು. ಕರೆದು ಅರ್ಧ ರೊಟ್ಟಿ, ಅದರ ಮೇಲೆ ಹಿಂಡಿಪಲ್ಯ ಇಟ್ಟುಕೊಟ್ಟಳು. "ಒಬ್ಬಾವ್ರ ಬಂದೀರೇನ್ರಿ?" ಎಂದು ಕೇಳಿದಳು. ಹೌದೆಂದೆ. "ಅಯ್ಯ, ಜೋಡಿ ಯಾರೂ ಇಲ್ಲೇನು?" ಎಂದಳು. ಈ ಪ್ರಶ್ನೆ ನನ್ನನ್ನು ಅಲ್ಲಿಂದ ಹಿಂಬಾಲಿಸಿತು. ನಮ್ಮಲ್ಲಿ ಅಪರಿಚಿತನನ್ನು ಕಂಡರೆ ಏನು ಕೆಲಸ ಎಂದು ಕೇಳುತ್ತಾರೆ. ಇಲ್ಲಿ ಮೊದಲು ಜೊತೆಯಲ್ಲಿ ಯಾರು ಎಂದು ಕೇಳುತ್ತಾರೆ.

ಕೊಪ್ಪಳ

ಭಾಗ್ಯನಗರದಲ್ಲಿ ಒಬ್ಬ ನೇಕಾರರ ಮನೆಯ ಹಿಂದಿನ ಕೋಣೆ ಸಿಕ್ಕಿತು. ಬೆಳಗಿನಿಂದ ಮಗ್ಗದ ಸದ್ದು. ಮೊದಲ ದಿನ ತಲೆನೋವು ಬಂತು. ನಾಲ್ಕನೆಯ ದಿನ ಮಗ್ಗ ನಿಂತಾಗ ಏನೋ ಕಳೆದುಕೊಂಡಂತಾಯಿತು. ಮನೆಯವರು ಒಳ್ಳೆಯವರು, ಆದರೆ ದುಡಿಯುವ ಜನ. ನನ್ನ ಜೊತೆ ಮಾತಾಡಲು ಅವರ ಕೈ ಬಿಡುವಾಗುತ್ತಿರಲಿಲ್ಲ.

ಗುಡ್ಡ ಅಲ್ಲಿಂದ ಒಂದು ತಾಸಿನ ನಡಿಗೆ. ಅದರ ಕಾವಲುಗಾರ ಯಮನೂರಪ್ಪ. ಐವತ್ತು ದಾಟಿದ ಮನುಷ್ಯ, ತಲೆಗೆ ರುಮಾಲು, ಕೈಯಲ್ಲಿ ಕೊಡಲಿ ಕಾವು ಮಾತ್ರ. ಕೊಡಲಿ ಇಟ್ಟುಕೊಂಡರೆ ಕಡಿಯುವ ಮನಸ್ಸಾಗುತ್ತದೆ ಎಂದು ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದ. ನಾನು ಅವನನ್ನು "ಯಮನೂರಪ್ಪನವರೇ" ಎಂದು ಕರೆದಾಗ ಹಿಂದೆ ಯಾರೋ ದೊಡ್ಡವರು ಬಂದರೆಂದು ತಿರುಗಿ ನೋಡಿದ. ನನ್ನನ್ನು ಅವನು ಮಾಸ್ತರ ಎಂದ. ನಾನು ಮಾಸ್ತರನಲ್ಲ ಎಂದು ಎರಡು ಸಲ ಹೇಳಿ ಸುಮ್ಮನಾದೆ.

ಇಬ್ಬರೂ ಸೇರಿ ಹಗ್ಗ ಎಳೆದೆವು. ಚೌಕದೊಳಗೆ ಅರವತ್ತೆರಡು ಮರ. ಮರ ಎಂದರೆ ನಮ್ಮ ಕಡೆಯ ಮರಗಳನ್ನು ನೆನೆಯಬೇಡಿ. ಹೆಚ್ಚಿನವು ನನ್ನ ತೋಳಿನಷ್ಟು ದಪ್ಪ, ಎರಡಾಳು ಎತ್ತರ. ಕಮರ, ದಿಂಡಿಗ, ಕಕ್ಕೆ, ಮುತ್ತಲ, ತುಗ್ಗಲಿ, ಬೇವು, ಒಂದು ಬನ್ನಿ. ಬುಡದಲ್ಲಿ ತಂಗಡಿ, ಕಾರೆ, ಕವಳಿ. ಬೇವು ಬನ್ನಿ ಬಿಟ್ಟರೆ ಒಂದರಲ್ಲೂ ಎಲೆ ಇಲ್ಲ. ಎಂಟು ವರ್ಷ ನಾನು ಗಿಡಗಳನ್ನು ಕಂಡದ್ದು ಕಾಗದದ ಮೇಲೆ, ಎಲೆ ಹೂವು ಎರಡೂ ಇದ್ದಾಗ. ಬರೀ ತೊಗಟೆ ತೋರಿಸಿ ಹೆಸರು ಹೇಳು ಎಂದರೆ ನನ್ನ ವಿದ್ಯೆ ಬಾಯಿ ಮುಚ್ಚಿತು. ಯಮನೂರಪ್ಪ ತೊಗಟೆಯನ್ನು ಉಗುರಿನಿಂದ ಕೆರೆದು, ಮೂಸಿ, ಒಮ್ಮೊಮ್ಮೆ ನಾಲಿಗೆಗೆ ಹಚ್ಚಿ ಹೆಸರು ಹೇಳುತ್ತಿದ್ದ. ನಾನು ಬರೆದುಕೊಳ್ಳುತ್ತಿದ್ದೆ. ಅಷ್ಟಾಗಿಯೂ ಅವನು ನನ್ನನ್ನು ಮಾಸ್ತರ ಎನ್ನುತ್ತಿದ್ದ.

ಒಂದು ಮರಕ್ಕೆ ಮಾತ್ರ ಅವನಲ್ಲೂ ಹೆಸರಿರಲಿಲ್ಲ. ಸೀಳಿದ ಬಂಡೆಯ ಪಕ್ಕದಲ್ಲಿದ್ದ ಮೂವತ್ತೇಳನೆಯದು. ತೊಗಟೆ ತೆಳ್ಳಗೆ ಸುಲಿದು ಕಾಗದದಂತೆ ಗಾಳಿಗೆ ಆಡುತ್ತಿತ್ತು. ಕೊಂಬೆಗಳ ತುದಿ ಮುಳ್ಳಾಗಿ ಚೂಪಾಗಿತ್ತು. "ಇದಕ್ಕ ಎಲಿ ಬರೂದು ಭಾಳ ಕಡಿಮಿರಿ. ಮಳಿ ಬಂದಾಗ ಬರತೈತಿ, ಹೊಕ್ಕೈತಿ. ನಾ ಹುಟ್ಟಿದಾಗಿಂದ ಇಲ್ಲೇ ಐತಿ. ಹೆಸರು ಯಾರೂ ಕೇಳಿದ್ದಿಲ್ಲ," ಎಂದ. ನಾನು ಆ ಸಾಲು ಖಾಲಿ ಬಿಟ್ಟೆ. ಮಳೆ ಬಂದಾಗ ಹೂ ಬಿಡಬಹುದು, ಆಗ ಹೆಸರು ಹಿಡಿಯಬಹುದು ಎಂದು ಆಸೆಪಟ್ಟೆ. ಎಂಟು ವರ್ಷ ಬೇರೆಯವರು ಹೆಸರಿಟ್ಟ ಗಿಡಗಳನ್ನು ಅಂಟಿಸಿದವನಿಗೆ ಇಂಥ ಆಸೆ ಬಂದರೆ ತಪ್ಪಲ್ಲ.

ಬಿಸಿಲು ಏರಿದಾಗ ಬಂಡೆಯ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ದೂರದಲ್ಲಿ ತುಂಗಭದ್ರೆ ಬೆಳ್ಳಗೆ ಕಾಣುತ್ತಿತ್ತು. ಎಂದಾದರೂ ಆಚೆ ಹೋಗಿದ್ದೀರಾ ಎಂದು ಕೇಳಿದೆ.

"ಇಲ್ರಿ. ಆ ಕಡಿ ನಮ್ಮಾವ್ರು ಯಾರದಾರ? ಬ್ಯಾರೇ ಸರಕಾರ. ಏನರ ಆದ್ರ ಕೇಳಾವ್ರಿಲ್ಲ."

"ನಾನು ಈ ಕಡೆ ಬಂದಿಲ್ವೆ?"

"ಅದಕ ಹೇಳಾಕ ಹತ್ತೀನ್ರಿ, ನೀವು ಭಾಳ ಧೈರ್ಯದಾವ್ರು," ಎಂದು ಇನ್ನೊಂದು ರೊಟ್ಟಿ ನನ್ನ ಕಡೆ ಸರಿಸಿದ. ನನ್ನನ್ನು ಧೈರ್ಯವಂತನೆಂದವನು ಜೀವಮಾನದಲ್ಲಿ ಅವನೊಬ್ಬನೇ.

ಐದನೆಯ ದಿನ ಮೇಲಿನ ಸಾಹೇಬರ ಶಿಕಾರಿ ಬಿಡಾರಕ್ಕೆ ಯಮನೂರಪ್ಪನಿಗೆ ಕರೆ ಬಂತು. ಬರುವುದು ಹದಿನೈದು ದಿನವಾಗುತ್ತದೆ ಎಂದು ಹೇಳಿ ಹೋದ. ಮಳೆ ಬರುವ ತನಕ ನಾನೂ ಸುತ್ತಲಿನ ತಾಲೂಕುಗಳಲ್ಲಿ ಗಿಡ ಕೂಡಿಸಬೇಕಾಗಿತ್ತು. ಆದರೆ ಮರಗಳಿಗೆ ಗುರುತು ಹಾಕಿರಲಿಲ್ಲ. ಬಿಲ್ಲೆಗಳು ಇಂದು ಬಂದಾವು, ನಾಳೆ ಬಂದಾವು ಎಂದು ಕಾದದ್ದೇ ಬಂತು. ಗುರುತಿಲ್ಲದೆ ಎರಡನೆಯ ಎಣಿಕೆಗೆ ಅವೇ ಮರಗಳೆಂದು ಹೇಗೆ ಹೇಳುವುದು? ಎಲೆ ಅಡಿಕೆ ಅಂಗಡಿಯ ಮುಂದೆ ನಿಂತಾಗ ಉಪಾಯ ಹೊಳೆಯಿತು. ಒಂದು ಮಡಕೆ ಸುಣ್ಣ ಕಲಸಿಕೊಂಡು ಗುಡ್ಡ ಹತ್ತಿ, ಅರವತ್ತೆರಡು ಮರಗಳಿಗೂ ಎದೆಯ ಮಟ್ಟದಲ್ಲಿ ಒಂದು ಬಳೆ ಎಳೆದು ಕೆಳಗೆ ಅಂಕೆ ಬರೆದೆ. ಬೂದು ಗುಡ್ಡದ ಮೇಲೆ ಬೆಳ್ಳನೆಯ ಬಳೆಗಳು ದೂರದಿಂದಲೂ ಕಾಣುತ್ತಿದ್ದವು. ನನಗೆ ನನ್ನ ಬಗ್ಗೆಯೇ ಮೆಚ್ಚುಗೆಯಾಯಿತು.

ಪುಳ್ಳೆ ಆಯುತ್ತಿದ್ದ ಒಬ್ಬ ಹೆಂಗಸು ನಿಂತು ನೋಡಿದಳು. ಕೊಪ್ಪಳದ ಪೇಟೆಯಲ್ಲಿ ಕಟ್ಟಿಗೆ ಹೊರೆ ಮಾರುವವಳು, ಹುಲಿಗೆವ್ವ ಎಂದು ಆಮೇಲೆ ತಿಳಿಯಿತು.

"ಇವಕ್ಕೆಲ್ಲಾ ಸುಣ್ಣ ಹಚ್ಚಾಕ ಹುಕುಂ ಆಗೇತೇನ್ರಿ?"

"ಹೌದಮ್ಮ, ಹುಕುಂ ಇದೆ," ಎಂದು ಜೇಬಿನ ಪರವಾನಗಿ ತೋರಿಸಿದೆ. ತೋರಿಸಿದ್ದು ಸುಂಕದ ರಸೀದಿಯೋ ಏನೋ. ಇಬ್ಬರಿಗೂ ಓದಲು ಬರುತ್ತಿರಲಿಲ್ಲ.

"ಎಲ್ಲಾಕೂ?" ಎಂದು ಅವಳು ಇನ್ನೊಮ್ಮೆ ಕೇಳಿದಳು.

"ಎಲ್ಲಕ್ಕೂ," ಎಂದೆ.

ಗಂಗಾವತಿ

ಗಂಗಾವತಿಯ ಕಡೆ ಬಂಡೆಗಳ ರಾಜ್ಯ. ಬಂಡೆಯ ಮೇಲೆ ಬಂಡೆ, ಸಂದಿಯಲ್ಲಿ ಬೇರು ಇಳಿಬಿಟ್ಟ ಅತ್ತಿ, ಬಸರಿ. ಕೆಳಗೆ ಹಳೆಯ ಕಾಲುವೆಗಳ ಮಗ್ಗುಲಲ್ಲಿ ಹಸಿರು ಗದ್ದೆ. ಗುಡ್ಡ ಇಳಿದು ಗದ್ದೆಯ ಬದುವಿಗೆ ಬಂದಾಗ ಊರಿನ ನೆನಪು ಬಂದು ಕುಳಿತುಬಿಟ್ಟೆ. ಗದ್ದೆಯವರು ತೆಲುಗು ಬೆರೆತ ಕನ್ನಡದಲ್ಲಿ ಎಲ್ಲಿಯವನೆಂದು ಕೇಳಿದರು, ಒಬ್ಬನೇ ಬಂದೆಯಾ ಎಂದು ಕೇಳಿದರು, ಮಜ್ಜಿಗೆ ಕೊಟ್ಟು ತಮ್ಮ ಕೆಲಸಕ್ಕೆ ಹೋದರು.

ಊಟದ ಮನೆಯೊಂದರಲ್ಲಿ ಕಾಫಿ ಕೇಳಿದೆ. ಯಜಮಾನರು ಒಳಗೆ ಹೋಗಿ ಬಹಳ ಹೊತ್ತು ಹುಡುಕಾಡಿ ಸಕ್ಕರೆ ಹಾಕಿದ ಕಷಾಯ ತಂದಿಟ್ಟರು. ಕುಡಿದೆ. ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಹೇಗೆ ಬಿಡುವುದು? ಅಲ್ಲಿದ್ದಷ್ಟು ದಿನವೂ ನಾನು ಕಾಣುತ್ತಲೇ "ಕಾಫಿ ಸಾಹೇಬ್ರು ಬಂದ್ರು" ಎಂದು ಅದೇ ಕಷಾಯ ತಯಾರಾಗುತ್ತಿತ್ತು.

ಕುಷ್ಟಗಿ

ಕುಷ್ಟಗಿಗೆ ಮೋಟಾರಿನಲ್ಲಿ ಹೋದೆ. ಮೋಟಾರಿನಲ್ಲಿ ಎಲ್ಲರೂ ಎಲ್ಲರ ಸಂಗಡ ಮಾತಾಡುತ್ತಾರೆ. ಹತ್ತಿದವನು ಇಳಿಯುವುದರೊಳಗೆ ಅವನ ಮನೆಯ ಜಗಳವೆಲ್ಲ ನಮಗೆ ತಿಳಿದಿರುತ್ತದೆ. ನನ್ನ ಸರದಿ ಬಂದಾಗ ಮರ ಎಣಿಸುತ್ತೇನೆ ಎಂದೆ. ಎಲ್ಲರೂ ನನ್ನ ಟೋಪಿಯನ್ನು, ಹಲಗೆಗಳನ್ನು ತಿರುಗಿ ನೋಡಿದರು. ಬಳಿಕ ಒಬ್ಬ ಹಿರಿಯರು, "ಇರ್ಲಿ ಬಿಡ್ರಿ, ಎಲ್ಲಾರೂ ಏನರ ಒಂದು ಮಾಡಬೇಕಲ್ಲ" ಎಂದು ಸಮಾಧಾನ ಹೇಳಿದರು.

ಅಲ್ಲಿನ ಕುರುಚಲು ಕಾಡಿನಲ್ಲಿ ಮೂರು ದಿನ ಅಲೆದು ಒಳ್ಳೆಯ ಗಿಡಗಳನ್ನು ಕೂಡಿಸಿದೆ. ಒತ್ತುವ ಕಾಗದ ತೇವವಾಗಿತ್ತೆಂದು ಗಿಡಗಳನ್ನೆಲ್ಲ ಚಾವಡಿಯ ಕಟ್ಟೆಯ ಮೇಲೆ ಹರಡಿ, ಬದಲಿ ಕಾಗದ ತರಲು ಪೇಟೆಗೆ ಹೋಗಿ ಬಂದೆ. ಬರುವಾಗ ಕಟ್ಟೆಯ ಮೇಲೆ ಏಳು ಆಡುಗಳಿದ್ದವು. ಕೊನೆಯ ಆಡು ನನ್ನನ್ನೇ ನೋಡುತ್ತ ಒಂದು ಅಪರೂಪದ ಬಳ್ಳಿಯನ್ನು ನುಂಗಿತು. ಆಡಿನವನು ಓಡಿ ಬಂದ. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತದ್ದನ್ನು ಕಂಡು ಅವನಿಗೂ ಕಷ್ಟವಾಯಿತು.

"ನೋಡ್ರಿ, ಎರಡು ಬಿಟ್ಟಾವ," ಎಂದು ಉಳಿದ ಎರಡು ಕಡ್ಡಿ ಎತ್ತಿ ತೋರಿಸಿದ. "ಆಡು ಬಿಟ್ಟ ಗಿಡ ಅಂದ್ರ ಏನರ ವಿಶೇಷ ಇರಬೇಕ್ರಿ. ಅವನ್ನ ಬರಕೋರಿ."

ಬರೆದುಕೊಂಡೆ. ಮರುದಿನ ಅವನು ತಾನಾಗಿ ಒಂದು ಕಟ್ಟು ಸೊಪ್ಪು ತಂದುಕೊಟ್ಟ. ಅದರಲ್ಲಿ ನನ್ನ ಬಳ್ಳಿ ಇರಲಿಲ್ಲ. ಆದರೂ ತಂದನಲ್ಲ ಎಂದು ಇಡೀ ದಿನ ಸಂತೋಷವಾಗಿದ್ದೆ. ಯಾರಾದರೂ ಏನಾದರೂ ತಂದುಕೊಟ್ಟು ಬಹಳ ದಿನವಾಗಿತ್ತು.

ಯಲಬುರ್ಗಾ

ಯಲಬುರ್ಗಾದಲ್ಲಿ ಕಾಡು ಹುಡುಕಿದೆ. ಕಪ್ಪು ನೆಲ ಸಿಕ್ಕಿತು. ಜೋಳ ಕೊಯ್ದಾಗಿತ್ತು, ಹೊಲಗಳು ಬಿರುಕುಬಿಟ್ಟು ಮಲಗಿದ್ದವು. ನೆಲ ಎಷ್ಟು ಸಮ ಎಂದರೆ ಅರ್ಧ ಗಂಟೆ ಮೊದಲೇ ಎದುರಿಗೆ ಬರುವ ಮನುಷ್ಯ ಕಾಣುತ್ತಾನೆ; ಹತ್ತಿರ ಬರುವ ತನಕ ಇಬ್ಬರೂ ಏನು ಮಾತಾಡಬೇಕೆಂದು ಯೋಚಿಸಿಕೊಳ್ಳಬೇಕು. ನಮ್ಮ ಮೈಸೂರಿನಲ್ಲಿ ನಾಲ್ಕು ಹೆಜ್ಜೆಗೊಂದು ಮರ, ಅದರ ಕೆಳಗೆ ಒಬ್ಬ ಪರಿಚಿತ. ಇಲ್ಲಿ ಬದುವಿನ ಮೇಲೆ ಒಂದು ಜಾಲಿ, ಅದರ ಕೆಳಗೆ ನಾನು.

ಆ ಜಾಲಿಯ ಕೆಳಗೆ ಕುಳಿತಾಗ ಒಂದು ವಿಷಯ ಹೊಳೆಯಿತು. ಹೊಳೆ ದಾಟಿದ ಮೇಲೆ ನನ್ನನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಮಾಸ್ತರ, ಕಾಫಿ ಸಾಹೇಬ, ಮರ ಎಣಿಸುವವ, ಅಷ್ಟೇ. ಮೈಸೂರಿನಲ್ಲಿಯೂ ಅಮ್ಮ ಹೋದ ಮೇಲೆ ಯಾರು ಕರೆಯುತ್ತಿದ್ದರು ಎಂದು ನೆನಪು ಮಾಡಿಕೊಂಡೆ. ಕಾಲೇಜಿನಲ್ಲಿ ನಾನು "ಗೋಂದಿನವರು". ದೂರ ಬಂದದ್ದರಿಂದ ಒಂಟಿಯಾಗಿದ್ದೇನೆ ಎಂದುಕೊಂಡಿದ್ದೆ. ಹಾಗಲ್ಲ, ಇದನ್ನು ಊರಿನಿಂದಲೇ ಕಟ್ಟಿಕೊಂಡು ಬಂದಿದ್ದೆ. ಅಳು ಬಂತು. ಸುತ್ತ ಯಾರೂ ಇಲ್ಲದ್ದರಿಂದ ಅತ್ತುಬಿಟ್ಟೆ.

ಕಾರ್ಡು ತೆಗೆದು ಒಂದರ ಮೇಲೆ ವಿಳಾಸ ಬರೆದೆ. ನನ್ನದೇ ವಿಳಾಸ. ಬೇರೆ ಯಾವುದೂ ನನಗೆ ಬಾಯಿಪಾಠವಿರಲಿಲ್ಲ. ಏನು ಬರೆಯುವುದು ಎಂದು ತಿಳಿಯದೆ ಮತ್ತೆ ಪುಸ್ತಕದೊಳಗೆ ಇಟ್ಟೆ. ಗುಡ್ಡಕ್ಕೆ ಹೋಗಬೇಕು ಎನ್ನಿಸಿತು. ಅರವತ್ತೆರಡು ಮರಗಳು ನನ್ನ ಗುರುತು ಹೊತ್ತು ಅಲ್ಲಿ ನಿಂತಿದ್ದವು. ಅಷ್ಟು ನನ್ನದು ಎನ್ನುವಂಥದ್ದು ಆ ದೇಶದಲ್ಲಿ ಬೇರೇನೂ ಇರಲಿಲ್ಲ.

ಮತ್ತೆ ಗುಡ್ಡ

ಶನಿವಾರ ಮೋಟಾರು ಇಳಿದವನು ನೇರವಾಗಿ ಗುಡ್ಡದ ಕಡೆ ನಡೆದೆ. ದೂರದಿಂದ ಬಿಳಿ ಬಳೆಗಳು ಕಾಣಬೇಕಾಗಿತ್ತು, ಕಾಣಲಿಲ್ಲ. ದಾರಿ ತಪ್ಪಿದೆನೇನೋ ಎಂದುಕೊಂಡೆ. ಹತ್ತಿದಾಗ ಹಗ್ಗ ಕಟ್ಟಿದ್ದ ಮೂಲೆಗಲ್ಲುಗಳು ಇದ್ದ ಹಾಗೇ ಇದ್ದವು. ನಡುವೆ ಮೋಟುಗಳಿದ್ದವು.

ಮೊಳಕಾಲೆತ್ತರಕ್ಕೆ ನೀಟಾಗಿ ಕಡಿದಿದ್ದರು. ಚೌಕದ ಹೊರಗೆ ಒಂದು ಟೊಂಗೆ ಮುಟ್ಟಿರಲಿಲ್ಲ. ನಾನು ಮೂಲೆಯಿಂದ ಮೂಲೆಗೆ ಎಣಿಸಿದೆ, ಬೇರೇನು ಮಾಡಬೇಕೆಂದು ತೋಚಲಿಲ್ಲ. ಅರವತ್ತೊಂದು. ಬನ್ನಿ ಒಂದು ಸುಣ್ಣದ ಬಳೆ ತೊಟ್ಟುಕೊಂಡು ನಿಂತಿತ್ತು. ಸೀಳುಬಂಡೆಯ ಪಕ್ಕದ ಮೂವತ್ತೇಳನೆಯದರ ಮೋಟಿನ ಮೇಲೆ ಅಂಟು ಒಸರಿ ಗಟ್ಟಿಯಾಗಿತ್ತು. ಕಾಗದದಂಥ ತೊಗಟೆಯ ಒಂದು ಚೂರು ಕಲ್ಲಿಗೆ ಸಿಕ್ಕಿಕೊಂಡು ಆಡುತ್ತಿತ್ತು. ಅದನ್ನು ಬಿಡಿಸಿ ಟಿಪ್ಪಣಿ ಪುಸ್ತಕದೊಳಗೆ ಇಟ್ಟುಕೊಂಡೆ.

ಯಮನೂರಪ್ಪ ಬಂಡೆಯ ನೆರಳಿನಲ್ಲಿ ಕುಳಿತಿದ್ದ. ಪಕ್ಕದಲ್ಲಿ ಹುಲಿಗೆವ್ವ ನಿಂತಿದ್ದಳು. ನನ್ನನ್ನು ಕಂಡು ಅವನು ಎದ್ದ.

"ಊಟ ಆತೇನ್ರಿ ಮಾಸ್ತರ್ರ?" ಎಂದ.

ಯಾರು ಮಾಡಿದರು ಎಂದು ಕೇಳಿದೆ. ಹೇಳಿದವಳು ಹುಲಿಗೆವ್ವ. ಆ ಗುಡ್ಡದ ಪದ್ಧತಿ ಏನೆಂದರೆ, ಸತ್ತು ಒಣಗಿದ ಮರಕ್ಕೆ ಕಾವಲುಗಾರ ಒಂದು ಸುಣ್ಣದ ಬಳೆ ಎಳೆಯುತ್ತಾನೆ. ಬಳೆ ಇದ್ದದ್ದನ್ನು ಸೌದೆಗೆ ಕಡಿಯಬಹುದು, ಇಲ್ಲದ್ದನ್ನು ಮುಟ್ಟಬಾರದು. ಅವಳ ತಾಯಿಯ ಕಾಲದಿಂದ ಹಾಗೇ ನಡೆದು ಬಂದಿತ್ತು. ವರ್ಷಕ್ಕೆ ಎರಡೋ ಮೂರೋ ಬಳೆ ಬೀಳುತ್ತಿದ್ದವು. ಅರವತ್ತೆರಡು ಕಂಡು ಹೆಂಗಸರಿಗೂ ಆಶ್ಚರ್ಯವಾಗಿತ್ತು.

"ಅದಕ ಎರಡು ಸಲ ಕೇಳಿದ್ನಿರಿ ನಿಮ್ಮನ್ನ," ಎಂದಳು. "ಹುಕುಂ ಐತಿ ಅಂದ್ರಿ. ಎಲ್ಲಾಕೂ ಅಂದ್ರಿ. ನಾವು ಏಳೆಂಟು ಮಂದಿ ಕೂಡಿ ಮೂರು ದಿನದಾಗ ಕಡದ್ವಿ. ಬನ್ನಿ ಬಿಟ್ವಿ. ಹುಕುಂ ಇದ್ರೂ ಬನ್ನಿ ಕಡೀತಾರೇನ್ರಿ?"

"ಹಸಿ ಮರ ಅಂತ ಕೊಡಲಿಗೆ ಗೊತ್ತಾಗಲಿಲ್ವೇನಮ್ಮ?"

"ಗೊತ್ತಾತ್ರಿ. ಸರಕಾರದ ಕೆಲಸ, ನಮಗೇನ ತಿಳೀತೈತಿ ಅಂದ್ವಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಸೀಳಬಂಡಿ ಬಾಜೂಕಿಂದು ನಮ್ಮ ಮನಿಗಿ ಒಯ್ದಿದ್ನಿ. ಒಲಿಯಾಗ ಇಟ್ರ ಹತ್ತವಲ್ದು. ತುದಿಗುಂಟ ನೀರು ಜಿನಗಾಕ ಹತ್ತಿತು. ದೇವರ ಮನಿಯಾಗ ಧೂಪ ಹಾಕಿದಂಗ ವಾಸನಿ. ಕಟಗಿ ಅಳಾಕ ಹತ್ತೇತಿ ಅಂತ ನಮ್ಮತ್ತಿ ಅಂದ್ಳು. ತಗದು ಹೊರಗ ಇಟ್ಟೀನ್ರಿ. ಮತ್ತ ಒಲಿಗಿ ಹಾಕಾಕ ಮನಸಾಗಲಿಲ್ಲ."

ಯಮನೂರಪ್ಪ ಆಗ ಉಳಿದದ್ದನ್ನು ಹೇಳಿದ. ಅರಣ್ಯ ಕಚೇರಿಯಲ್ಲಿ ಗೊತ್ತಾಗಿತ್ತು. ಕಾವಲುಗಾರ ಲಂಚ ತಿಂದು, ಬಿಡಾರಕ್ಕೆ ಹೋಗುವ ಮೊದಲು ಹಸಿ ಮರಕ್ಕೆ ಬಳೆ ಎಳೆದನೆಂದು ದೂರು ಹೋಗಿತ್ತು. ಸೋಮವಾರ ವಿಚಾರಣೆ, ಕೆಲಸ ಹೋಗುವುದು ಖಂಡಿತ. ಹಾಗಾದರೆ ನಾನೇ ಹಚ್ಚಿದ್ದೆಂದು ಹೇಳಲಿಲ್ಲವೇ ಎಂದು ಕೇಳಿದೆ. ಹೆಂಗಸರೂ ಹೇಳಿರಲಿಲ್ಲವಂತೆ.

"ಹೆಂಗ ಹೇಳೋದ್ರಿ? ನೀವು ಹೊರದೇಶದಾವ್ರು, ಒಬ್ಬಾವ್ರ ಬಂದೀರಿ. ನಿಮ್ಮನ್ನ ಹಿಡಕೊಂಡು ಕುಂದ್ರಿಸಿದ್ರ ಕೇಳಾವ್ರು ಯಾರು? ನಾನರ ಇಲ್ಲ್ಯಾಂವ, ಕೂಲಿ ಮಾಡಿ ತಿಂತೀನಿ. ನೀವು ಸುಮ್ನ ಇರ್ರಿ. ಆ ಮಗ್ಗಲಿಗಿ ಇನ್ನೊಂದು ಚೌಕ ಹೊಡಕೋರಿ, ಎಣಸ್ರಿ."

ಕಚೇರಿ

ಒಂದು ಗಳಿಗೆ ಸುಮ್ಮನಿರೋಣ ಎನ್ನಿಸಿತು. ಒಂದು ಗಳಿಗೆ ಎಂದು ಬರೆದದ್ದು ಸುಳ್ಳು. ಭಾನುವಾರ ಪೂರ್ತಿ ಹಾಗೇ ಅನ್ನಿಸುತ್ತಿತ್ತು. ಅವನು ಹೇಳಿದ್ದು ಸರಿಯಾಗಿಯೇ ಇತ್ತು; ಇನ್ನೊಂದು ಚೌಕ, ಹೊಸ ಎಣಿಕೆ, ಮಳೆಗೆ ಇನ್ನೂ ಸಮಯವಿದೆ. ನಾನು ಬಾಯಿಬಿಟ್ಟರೆ ಪರವಾನಗಿ ಹೋಗುತ್ತದೆ. ಪರವಾನಗಿ ಹೋದರೆ ಎಣಿಕೆಯಿಲ್ಲ, ಎಣಿಕೆಯಿಲ್ಲದಿದ್ದರೆ ಖಾಯಂ ಇಲ್ಲ. ಕೋಣೆಯಲ್ಲಿ ಕುಳಿತು ಮಗ್ಗದ ಸದ್ದು ಕೇಳುತ್ತ ಇದನ್ನೇ ತಿರುವಿ ಹಾಕಿದೆ. ಸಂಜೆ ಮಗ್ಗ ನಿಂತಿತು. ಆಗ ಕೇಳಿಸಿದ್ದು "ಒಬ್ಬಾವ್ರ ಬಂದೀರಿ" ಎಂಬ ಅವನ ಮಾತು. ಊರೂರಿನಲ್ಲಿ ಕೇಳಿ ಕೇಳಿ ಬೇಸತ್ತ ಮಾತು ಅದು. ಅವನೊಬ್ಬನೇ ಅದಕ್ಕಾಗಿ ಏನಾದರೂ ಕಳೆದುಕೊಳ್ಳಲು ತಯಾರಾಗಿದ್ದ.

ಸೋಮವಾರ ಕಚೇರಿಯ ಮುಂದೆ ಯಮನೂರಪ್ಪ ರುಮಾಲು ಒಗೆದು ಕಟ್ಟಿಕೊಂಡು ಬಂದಿದ್ದ. ಅವನಿಗಿಂತ ಮೊದಲು ನಾನೇ ಒಳಗೆ ಹೋಗಿ ಹೇಳಿಬಿಟ್ಟೆ. ಸಾಹೇಬರು ವಯಸ್ಸಾದವರು, ಉರ್ದು ಬೆರೆತ ಕನ್ನಡ. ನನ್ನ ಟಿಪ್ಪಣಿ ಪುಸ್ತಕ ತರಿಸಿಕೊಂಡು ಒಂದೊಂದೇ ಪುಟ ತಿರುವಿದರು. ಅರವತ್ತೆರಡು ಸಾಲು, ಒಂದರಲ್ಲಿ ಹೆಸರಿಲ್ಲ.

"ಸುಣ್ಣದ ಅರ್ಥ ನಿಮಗ ಗೊತ್ತಿದ್ದಿಲ್ಲ?"

"ಇರಲಿಲ್ಲ."

"ಗೊತ್ತಿಲ್ಲದ್ದು ಕಸೂರ ಅಲ್ಲ, ತಪ್ಪಲ್ಲ," ಎಂದರು. "ಆದ್ರ ಗೊತ್ತಿಲ್ಲದವ್ರ ಕೈಯಾಗ ಗುಡ್ಡ ಕೊಟ್ಟಿದ್ದು ನಮ್ಮ ಕಸೂರ ಆಕ್ಕೈತಿ. ಪರವಾನಗಿ ಇಲ್ಲಿ ಇಟ್ಟು ಹೋಗ್ರಿ."

ಜೇಬಿನಿಂದ ತೆಗೆದುಕೊಟ್ಟೆ. ಇದಲ್ಲ, ಇದು ಸುಂಕದ ರಸೀದಿ ಎಂದು ತಿರುಗಿ ಕೊಟ್ಟರು. ಇನ್ನೊಂದು ಕಾಗದ ಕೊಟ್ಟೆ. ಎರಡು ದಿನದಲ್ಲಿ ಹೊಳೆ ದಾಟಬೇಕೆಂದು ಹೇಳಿದರು. ಯಮನೂರಪ್ಪನ ಕೆಲಸ ಉಳಿಯಿತು.

ಅವನೂ ಹುಲಿಗೆವ್ವನೂ ಸ್ಟೇಷನ್ನಿಗೆ ಬಂದರು. ಅವಳು ಒಲೆಯಿಂದ ತೆಗೆದಿದ್ದ ಕೊರಡನ್ನು ಅರಿವೆಯಲ್ಲಿ ಸುತ್ತಿ ತಂದಿದ್ದಳು. ಒಂದು ತುದಿ ಕರಕಲಾಗಿತ್ತು. "ನಿಮ್ಮದು," ಎಂದು ಕೈಗೆ ಕೊಟ್ಟಳು. ಕೊಡಲು ನನ್ನಲ್ಲಿ ಏನೂ ಇರಲಿಲ್ಲ. ಪುಸ್ತಕದೊಳಗೆ ಕಾರ್ಡುಗಳಿದ್ದವು. ವಿಳಾಸ ಬರೆದಿದ್ದನ್ನು ತೆಗೆದು ಯಮನೂರಪ್ಪನಿಗೆ ಕೊಟ್ಟು, ಮಳೆ ಆದಾಗ ಗುಡ್ಡ ಹೇಗಿದೆ ಎಂದು ಯಾರ ಕೈಯಲ್ಲಾದರೂ ಬರೆಸಿ ಎಂದೆ. ಆ ಕಾರ್ಡನ್ನು ಅಲ್ಲಿಯ ಅಂಚೆಗೆ ಹಾಕಿದರೆ ನಡೆಯುವುದಿಲ್ಲ ಎಂದು ರೈಲು ಹೊರಟ ಮೇಲೆ ನೆನಪಾಯಿತು. ಆ ಗಡಿಬಿಡಿಯಲ್ಲೂ ಅವನು ಕಿಟಕಿಯ ಸಂಗಡ ನಾಲ್ಕು ಹೆಜ್ಜೆ ಓಡಿ, "ನಿಮ್ಮ ಹೆಸರ ಕೇಳಲಿಲ್ಲ ನೋಡ್ರಿ ನಾ" ಎಂದ. ಸೀತಾರಾಮಯ್ಯ ಎಂದು ಕೂಗಿ ಹೇಳಿದೆ.

ಮೈಸೂರು

ಪ್ರೊಫೆಸರು ಬಯ್ಯಲಿಲ್ಲ. ಗೋಂದಿನ ಬಟ್ಟಲು ನನ್ನ ಕಡೆ ಸರಿಸಿ ತಮ್ಮ ಕೋಣೆಗೆ ಹೋದರು. ಖಾಯಂ ಮಾತು ಮತ್ತೆ ಬರಲಿಲ್ಲ. ಮಳೆಗಾಲ ಬಂದಿತು. ಚಾಮುಂಡಿಬೆಟ್ಟ ಹಸಿರಾದಾಗಲೆಲ್ಲ ನಾನು ಆ ಮೋಟುಗಳನ್ನು ನೆನೆಯುತ್ತಿದ್ದೆ. ಕೊರಡು ನನ್ನ ಮೇಜಿನ ಮೇಲೆ ಇತ್ತು. ಮಳೆಯ ದಿನ ಅದರಿಂದ ಸಣ್ಣಗೆ ಧೂಪದ ವಾಸನೆ ಬರುತ್ತಿತ್ತು.

ಒಂದು ಮಧ್ಯಾಹ್ನ ಕಾರ್ಡು ಬಂತು. ಯಾರೋ ಶಾಲೆಯವರು ಬರೆದ ದುಂಡು ಅಕ್ಷರ, ಮಾತು ಮಾತ್ರ ಅವನದೇ.

"ಸೀತಾರಾಮಪ್ಪನವರಿಗೆ ಯಮನೂರಪ್ಪ ಮಾಡುವ ಶರಣು. ಮಳಿ ಛಲೋ ಆಗೇತಿ. ನಾನು, ಹುಲಿಗೆವ್ವ ಕೂಡಿ ಗುಡ್ಡ ಹತ್ತಿ ಎಣಿಸೀವಿ. ನಂಬರ ನಮಗ ತಿಳಿಯಂಗಿಲ್ಲ. ಅರವತ್ತೊಂದು ಮೋಟಿನಾಗ ಐವತ್ತೇಳು ಚಿಗತಾವ. ನಾಕು ಸತ್ತಾವ. ಬನ್ನಿ ಇದ್ದಂಗ ಐತಿ. ಸೀಳಬಂಡಿ ಬಾಜೂಕಿಂದು ಚಿಗತೈತಿ. ಎಲಿ ಮೂರು ಮೂರು ಕೂಡಿ ಅದಾವ. ಹೂ ಇಲ್ಲ. ಯಾವದಕ್ಕೂ ಸುಣ್ಣ ಹಚ್ಚಿಲ್ಲ. ನಿಮ್ಮ ಜೋಡಿ ಈಗ ಯಾರರ ಅದಾರೇನು, ತಿಳಸ್ರಿ."

ನಿಂತುಕೊಂಡೇ ಓದಿದೆ, ಕುಳಿತು ಇನ್ನೊಮ್ಮೆ ಓದಿದೆ. ಎರಡನೆಯ ಎಣಿಕೆ ಮುಗಿದಿತ್ತು. ಒಂದು ದಪ್ಪ ಕಾಗದ ತೆಗೆದು, ಕಲ್ಲಿಗೆ ಸಿಕ್ಕಿದ್ದ ತೊಗಟೆಯ ಚೂರನ್ನು ಅಂಟಿಸಿದೆ. ಹೆಸರಿನ ಜಾಗ ಖಾಲಿ ಬಿಟ್ಟೆ. ಸಂಗ್ರಹಿಸಿದವರು ಎಂಬಲ್ಲಿ ಯಮನೂರಪ್ಪ, ಹುಲಿಗೆವ್ವ ಎಂದು ಬರೆದೆ. ಕೆಳಗೆ ಕಾರ್ಡನ್ನೂ ಅಂಟಿಸೋಣ ಎಂದು ಗೋಂದು ಹಚ್ಚಲು ಅದನ್ನು ತಿರುಗಿಸಿದೆ.

ನನ್ನ ಕೈಬರಹದ ವಿಳಾಸದ ಪಕ್ಕದಲ್ಲಿ ಅಂಚೆಯ ಮುದ್ರೆ ಇತ್ತು. ಸ್ವಲ್ಪ ಅಳಿಸಿತ್ತು, ಬೆಳಕಿಗೆ ಹಿಡಿದು ಓದಿದೆ. ಹೊಸಪೇಟೆ. ಗೋಂದಿನ ಬಟ್ಟಲು ಮುಚ್ಚಿ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡೆ. ಅದನ್ನು ಹಾಕಲು ಯಮನೂರಪ್ಪ ಪರದೇಶಕ್ಕೆ ಹೋಗಿ ಬಂದಿದ್ದ.